ಆಲ್ಪ್ಸ್ ಘಾಟಿಗಳ ಯಾತ್ರಿಕ

ಯೂರೋಪು ಖಂಡದ ನಡುವೆ ಬಿಲ್ಲಿನಂತೆ ಬಾಗಿ ನಿಂತಿರುವ ಪರ್ವತಶ್ರೇಣಿ ಆಲ್ಪ್ಸ್. ಅದರ ಒಂದು ಮಗ್ಗುಲಲ್ಲಿ ಇಟಲಿ. ಮತ್ತೊಂದು ಮಗ್ಗುಲಲ್ಲಿ ಫ್ರಾನ್ಸ್, ಸ್ವಿಟ್ಸರ್ಲೆಂಡ್, ಆಸ್ಟ್ರಿಯ ಮೊದಲಾದ ನಾಡುಗಳು. ಸದಾ ಹಿಮ ಹೊದ್ದ ಆ ಶಿಖರಗಳ ನಡುವೆ ಅಲ್ಲಲ್ಲಿ ಬೆಟ್ಟದ ಬೆನ್ನು ತಗ್ಗಿ, ಈಚೆಯವರು ಆಚೆಗೆ ದಾಟಿಹೋಗಲು ಎಡೆಗೊಡುತ್ತದೆ. ಇವೇ ಆಲ್ಪ್ಸಿನ ಘಾಟಿಗಳು. ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ಸೇನಾನಿ ಹ್ಯಾನಿಬಾಲನು ತನ್ನ ಆನೆಗಳೊಡನೆ ಇಟಲಿಗೆ ಇಳಿದದ್ದು ಇಂಥದೊಂದು ಘಾಟಿಯ ಮೂಲಕವೇ. ಅವನ ಹಿಂದೆಯೂ ಮುಂದೆಯೂ ವರ್ತಕರು, ಯಾತ್ರಿಕರು, ದಂಡಿನವರು ಈ ದಾರಿಗಳನ್ನು ತುಳಿದಿದ್ದಾರೆ. ಆದರೆ ಅವರೆಲ್ಲರ ಆಸೆ ಒಂದೇ ಆಗಿತ್ತು: ಬಿರುಗಾಳಿ ಏಳುವ ಮುನ್ನ, ಕತ್ತಲು ಕವಿಯುವ ಮುನ್ನ, ಹೇಗಾದರೂ ಆಚೆಯ ತಪ್ಪಲನ್ನು ಸೇರಿಕೊಳ್ಳಬೇಕು. ಘಾಟಿಯ ನೆತ್ತಿಯಲ್ಲಿ ನಿಂತು ಸುತ್ತ ಕಣ್ಣೆತ್ತಿ ನೋಡುವ ಬಿಡುವು ಯಾರಿಗೂ ಇರಲಿಲ್ಲ. ಹಿಮಶಿಖರಗಳಂತೂ ಶಾಪಗ್ರಸ್ತವಾದುವೆಂದೇ ತಪ್ಪಲಿನ ಜನ ನಂಬಿದ್ದರು.

ಈ ಘಾಟಿಗಳನ್ನು ದಾಟುವುದಕ್ಕಾಗಿ ಅಲ್ಲ, ಅವುಗಳ ಮೇಲೆ ನಿಲ್ಲುವುದಕ್ಕಾಗಿಯೇ ಹತ್ತಿದ ಒಬ್ಬ ಮನುಷ್ಯ ಹದಿನೆಂಟನೆಯ ಶತಮಾನದಲ್ಲಿ ಬಾಳಿದನು. ಆತನ ಹೆಸರು ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್.

ಸೊಸ್ಯೂರ್ ಹುಟ್ಟಿದ್ದು 1740ರ ಫೆಬ್ರವರಿ 17ರಂದು, ಜಿನೀವಾ ನಗರದ ಸಮೀಪದ ಕೋಂಷ್ ಎಂಬಲ್ಲಿ. ಆಗ ಜಿನೀವಾ ಸ್ವಿಟ್ಸರ್ಲೆಂಡಿಗೆ ಸೇರಿರಲಿಲ್ಲ. ಅದು ತನ್ನದೇ ಆಡಳಿತವುಳ್ಳ ಪುಟ್ಟ ಗಣರಾಜ್ಯವಾಗಿತ್ತು. ತಂದೆ ನಿಕೊಲಾ ಬೇಸಾಯಶಾಸ್ತ್ರವನ್ನು ಬಲ್ಲವನು. ತಾಯಿಯ ತಂಗಿಯ ಗಂಡ ಷಾರ್ಲ್ ಬೊನೆ ಆ ಕಾಲದ ಹೆಸರಾಂತ ಪ್ರಕೃತಿವಿಜ್ಞಾನಿ. ಹೀಗೆ ಗಿಡಮರ, ಕ್ರಿಮಿಕೀಟಗಳ ಮಾತು ಹುಡುಗನ ಕಿವಿಗೆ ಮನೆಯಲ್ಲಿಯೇ ಬೀಳುತ್ತಿತ್ತು. ಊರಿನ ಪಕ್ಕದಲ್ಲಿಯೇ ಸಾಲೆವ್ ಎಂಬ ಬೆಟ್ಟ. ಅದನ್ನು ಹತ್ತಿ ಇಳಿದು ಬಾಲಕನ ಕಾಲುಗಳು ಗಟ್ಟಿಯಾದುವು. ಅಲ್ಲಿಂದ ದೂರದಲ್ಲಿ, ಬೆಳ್ಳಿಯ ಗೋಡೆಯಂತೆ, ಮಾಂಟ್ ಬ್ಲಾಂಕ್ ಪರ್ವತ ಕಾಣುತ್ತಿತ್ತು. ಆ ಹೆಸರಿಗೆ ಬಿಳಿಯ ಬೆಟ್ಟ ಎಂದು ಅರ್ಥ. ಆಲ್ಪ್ಸ್ ಶ್ರೇಣಿಯಲ್ಲೆಲ್ಲ ಅತ್ಯಂತ ಎತ್ತರದ ಶಿಖರ ಅದೇ. ಸುಮಾರು 4,810 ಮೀಟರ್.

1760ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸೊಸ್ಯೂರ್ ಆ ಪರ್ವತದ ಬುಡದಲ್ಲಿರುವ ಶಾಮೊನಿ ಕಣಿವೆಗೆ ನಡೆದುಹೋದನು. ಜಿನೀವಾದಿಂದ ಸುಮಾರು 80 ಕಿಲೋಮೀಟರ್ ದಾರಿ. ಬರ್ನ್ ನಗರದ ಮಹಾವಿದ್ವಾಂಸ ಹಾಲರನಿಗಾಗಿ ಬೆಟ್ಟದ ಸಸ್ಯಗಳನ್ನು ಸಂಗ್ರಹಿಸುವುದು ಆ ಪ್ರಯಾಣದ ಒಂದು ಉದ್ದೇಶವಾಗಿತ್ತು. ಆದರೆ ಕಣಿವೆಯ ಎದುರುಬದಿಯ ಬ್ರೆವಾಂ ಬೆಟ್ಟವನ್ನೇರಿ ಮಾಂಟ್ ಬ್ಲಾಂಕನ್ನು ನೆತ್ತಿಯಿಂದ ಪಾದದವರೆಗೆ ಕಂಡಮೇಲೆ, ಹೂಗಿಡಗಳ ಜೊತೆಗೆ ಇನ್ನೊಂದು ಬಯಕೆಯೂ ಆತನ ಮನಸ್ಸಿನಲ್ಲಿ ಬೇರೂರಿತು. ಆ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಆತನು ಕಣಿವೆಯ ಊರೂರುಗಳಲ್ಲಿ ಸಾರಿದನು. ಯತ್ನಿಸಿ ಸೋತವರಿಗೂ ಅವರು ಕಳೆದ ದಿನಗಳ ಕೂಲಿಯನ್ನು ತಾನೇ ಕೊಡುವೆನೆಂದು ಮಾತು ಕೊಟ್ಟನು. ಕೂಲಿ ಮಾಡಿ ಹೊಟ್ಟೆ ಹೊರೆಯುವ ಬೆಟ್ಟದ ಜನಕ್ಕೆ ಒಂದು ದಿನದ ದುಡಿಮೆ ಹೋದರೆ ಏನಾಗುತ್ತದೆ ಎಂಬುದು ಆ ಸಿರಿವಂತ ಮನೆಯ ತರುಣನಿಗೆ ಹೊಳೆದಿತ್ತೆಂಬುದು ಗಮನಿಸತಕ್ಕ ಸಂಗತಿ.

ಬಹುಮಾನಕ್ಕಾಗಿ ಮುಂದೆ ಬಂದವರು ಕೆಲವರೇ. ಯಾರೂ ಗೆಲ್ಲಲಿಲ್ಲ. ವರ್ಷಗಳು ಉರುಳಿದುವು.

1762ರಲ್ಲಿ, ಕೇವಲ 22ನೆಯ ವಯಸ್ಸಿನಲ್ಲಿ, ಸೊಸ್ಯೂರನಿಗೆ ಜಿನೀವಾದ ವಿದ್ಯಾಪೀಠದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆಯಿತು. ಅಂದಿನ ತತ್ತ್ವಶಾಸ್ತ್ರವೆಂದರೆ ಭೌತವಿಜ್ಞಾನವೂ ಅದರೊಳಗೆ ಸೇರಿದ್ದ ವಿಷಯ. 24 ವರ್ಷ ಆತನು ಆ ಹುದ್ದೆಯಲ್ಲಿ ದುಡಿದನು. ಪಾಠಶಾಲೆಯ ಮಕ್ಕಳು ಬರಿಯ ಲ್ಯಾಟಿನ್ ಉರುಹಾಕುವುದನ್ನು ಬಿಟ್ಟು ಕಣ್ಣೆದುರಿನ ವಸ್ತುಗಳನ್ನು ನೋಡಿ ಕಲಿಯಬೇಕೆಂದು 1774ರಲ್ಲಿ ಒಂದು ಸುಧಾರಣಾ ಯೋಜನೆಯನ್ನು ಬರೆದು ಪ್ರಕಟಿಸಿದನು. ಹಿರಿಯರಿಗೆ ಅದು ರುಚಿಸಲಿಲ್ಲ; ಯೋಜನೆ ಮೂಲೆ ಸೇರಿತು. ತರಗತಿಯಲ್ಲಿ ನಡೆಯದ್ದನ್ನು ಆತನು ಬೇಸಗೆಯ ರಜೆಗಳಲ್ಲಿ ತಾನೇ ನಡೆದು ತೋರಿಸಿದನೆನ್ನಬೇಕು. ವರ್ಷವರ್ಷವೂ ಹಿಮ ಕರಗುವ ಕಾಲಕ್ಕೆ ಆತನ ಸವಾರಿ ಆಲ್ಪ್ಸ್ ಕಡೆಗೆ ಹೊರಡುತ್ತಿತ್ತು. ದಾರಿ ಇರುವಲ್ಲಿ ಹೇಸರಗತ್ತೆ, ದಾರಿ ಮುಗಿದಲ್ಲಿ ಸ್ವಂತ ಕಾಲು. ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆ. ಜೊತೆಯವರ ಬೆನ್ನಮೇಲೆ ಉಷ್ಣಮಾಪಕ, ವಾಯುಭಾರಮಾಪಕಗಳು. ಪಾದರಸ ತುಂಬಿದ ಉದ್ದನೆಯ ಗಾಜಿನ ಕೊಳವೆಯನ್ನು ಒಡೆಯದಂತೆ ಬಂಡೆ ಹಿಮಗಳ ಮೇಲೆ ಹೊತ್ತೊಯ್ಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು.

ಮಾಂಟ್ ಬ್ಲಾಂಕಿನ ಸುತ್ತಲಿನ ಬೊನೋಮ್, ಸೇನ್ಯ್, ಫೆರೆ ಘಾಟಿಗಳನ್ನು ದಾಟಿ ಇಡೀ ಪರ್ವತವನ್ನು ಆತನು ಪ್ರದಕ್ಷಿಣೆ ಮಾಡಿದನು, ಒಂದು ಸಲವಲ್ಲ, ಮೂರು ಸಲ. 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯಲ್ಲಿ, ಹಿಮದಲ್ಲಿ ಸಿಕ್ಕಿಬಿದ್ದ ದಾರಿಗರನ್ನು ಕಾಪಾಡುವ ಸಂನ್ಯಾಸಿಗಳ ಮಠದಲ್ಲಿ ತಂಗಿದನು. ಆಲ್ಪ್ಸ್ ಶ್ರೇಣಿಯ ಅಡ್ಡಗಲವನ್ನು ಎಂಟು ಬೇರೆ ಬೇರೆ ಕಡೆಗಳಲ್ಲಿ ಒಟ್ಟು ಹದಿನಾಲ್ಕು ಬಾರಿ ದಾಟಿದುದಾಗಿ ಆತನೇ ಲೆಕ್ಕ ಬರೆದಿಟ್ಟಿದ್ದಾನೆ.

ಘಾಟಿಗಳ ಮೇಲೆ ಆತನಿಗೆ ಏಕೆ ಅಷ್ಟು ಮೋಹ? ಭೂಮಿ ಹೇಗೆ ರಚಿತವಾಗಿದೆ ಎಂಬುದು ಆತನನ್ನು ಕಾಡುತ್ತಿದ್ದ ಪ್ರಶ್ನೆ. ಬಯಲುನಾಡಿನಲ್ಲಿ ಮಣ್ಣು ಎಲ್ಲವನ್ನೂ ಮುಚ್ಚಿರುತ್ತದೆ. ಎತ್ತರದ ನೆತ್ತಿಗಳಲ್ಲಿ ಹಿಮ ಮುಚ್ಚಿರುತ್ತದೆ. ಘಾಟಿಯ ಇಕ್ಕೆಲಗಳಲ್ಲಾದರೆ ಬೆಟ್ಟವನ್ನು ಕೊಯ್ದು ಇಟ್ಟಂತೆ ಬಂಡೆಗಳ ಪದರಗಳು ಬೆತ್ತಲೆಯಾಗಿ ಕಾಣುತ್ತವೆ. ಸಮುದ್ರದ ತಳದಲ್ಲಿ ಮಟ್ಟಸವಾಗಿ ಕೂಡಿಕೊಂಡಿರಬೇಕಾದ ಪದರಗಳು ಇಲ್ಲಿ ಬಾಗಿವೆ, ಕೆಲವೆಡೆ ನೆಟ್ಟಗೆ ಎದ್ದು ನಿಂತಿವೆ. ಅವನ್ನು ಎತ್ತಿ ನಿಲ್ಲಿಸಿದ ಶಕ್ತಿ ಯಾವುದು? ಇಂಥ ಶೋಧನೆಗೆ ಆಗಿನ್ನೂ ಸರಿಯಾದ ಹೆಸರು ಕೂಡ ಇರಲಿಲ್ಲ. ಇಂದು ಭೂವಿಜ್ಞಾನ ಎನ್ನುತ್ತೇವಲ್ಲ, ಆ ಅರ್ಥದ ಜಿಯಾಲಜಿ ಎಂಬ ಶಬ್ದವನ್ನು ಬಳಕೆಗೆ ತಂದವರಲ್ಲಿ ಸೊಸ್ಯೂರನೂ ಒಬ್ಬನು.

ಬೇಕಾದ ಉಪಕರಣ ಸಿಗದಿದ್ದರೆ ಆತನು ತಾನೇ ಮಾಡಿಕೊಳ್ಳುತ್ತಿದ್ದನು. ಮನುಷ್ಯನ ತಲೆಗೂದಲು ಗಾಳಿ ತೇವವಾದಾಗ ಉದ್ದವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಅಲ್ಪ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು, ಜಿಡ್ಡು ತೆಗೆದ ಒಂದು ಎಳೆ ಕೂದಲಿಗೆ ಮುಳ್ಳನ್ನು ಜೋಡಿಸಿ ಆರ್ದ್ರತಾಮಾಪಕವನ್ನು ನಿರ್ಮಿಸಿದನು. 1783ರಲ್ಲಿ ಆ ವಿಷಯವಾಗಿ ಒಂದು ಗ್ರಂಥವನ್ನೂ ಬರೆದನು. ಆಕಾಶ ಎಷ್ಟು ನೀಲಿಯಾಗಿದೆಯೆಂದು ಅಳೆಯಲು ಬಿಳಿಯಿಂದ ಮೊದಲುಗೊಂಡು ಕಡುನೀಲಿಯವರೆಗೆ ಬಣ್ಣ ಹಚ್ಚಿದ ಕಾಗದದ ತುಂಡುಗಳನ್ನು ಸಾಲಾಗಿ ಜೋಡಿಸಿದನು. 1767ರಲ್ಲಿ ಗಾಜಿನ ಮುಚ್ಚಳಗಳುಳ್ಳ ಒಂದು ಪೆಟ್ಟಿಗೆಯನ್ನು ಮಾಡಿ ಬಿಸಿಲಿಗಿಟ್ಟನು. ಒಳಗಿನ ಕಾವು ನೀರು ಕುದಿಯುವ ಮಟ್ಟವನ್ನೂ ಮೀರಿತು. ಇಂದಿನ ಸೌರ ಒಲೆಯ ಮೂಲಪುರುಷ ಈ ಪೆಟ್ಟಿಗೆಯೇ. ಇಂಥ ಪೆಟ್ಟಿಗೆಯನ್ನು 1774ರಲ್ಲಿ ಇಟಲಿಯ ಕಡೆಯ ಕ್ರಾಮೊಂ ಶಿಖರಕ್ಕೆ ಹೊರಿಸಿಕೊಂಡು ಹೋಗಿ ಅಲ್ಲಿ ಪರೀಕ್ಷಿಸಿದನು. ಮರುದಿನ ತಪ್ಪಲಿನಲ್ಲಿಯೂ ಪರೀಕ್ಷಿಸಿದನು. ಮೇಲೆ ಗಾಳಿ ಕೊರೆಯುತ್ತಿದ್ದರೂ ಪೆಟ್ಟಿಗೆಯೊಳಗಿನ ಕಾವು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೆಟ್ಟದ ಮೇಲೆ ಚಳಿಯಿರುವುದು ಬಿಸಿಲು ದುರ್ಬಲವಾದುದರಿಂದಲ್ಲ, ಅಲ್ಲಿನ ತೆಳುಗಾಳಿ ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳಲಾರದುದರಿಂದ ಎಂಬುದು ಇದರಿಂದ ಸ್ಪಷ್ಟವಾಯಿತು.

ಕಲ್ಲು ಗಾಳಿಗಳನ್ನಷ್ಟೇ ಅಲ್ಲ, ಘಾಟಿಗಳ ಜನರನ್ನೂ ಆತನು ಕಣ್ಣಿಟ್ಟು ನೋಡಿದನು. ತಗ್ಗಿನ ಕಣಿವೆಗಳಲ್ಲಿ ಗಳಗಂಡ ರೋಗ ಹೆಚ್ಚಾಗಿಯೂ ಎತ್ತರದ ಹಳ್ಳಿಗಳಲ್ಲಿ ವಿರಳವಾಗಿಯೂ ಇರುವುದನ್ನು ಗುರುತಿಸಿದನು. ಸಿಕ್ಸ್ ಎಂಬ ಊರಿನ ಒಬ್ಬ ಬೇಟೆಗಾರನ ವಿಷಯವನ್ನು ಆತನು ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಶಾಮ್ವಾ ಎಂಬ ಕಾಡುಮೇಕೆಯನ್ನು ಬೆನ್ನಟ್ಟಿ ಬಂಡೆಗಳ ಅಂಚಿನಲ್ಲಿ ಅಲೆಯುವುದು ಅವನ ಕಸುಬು. ಒಳ್ಳೆಯ ಮೈಕಟ್ಟಿನ ತರುಣ, ಆಗತಾನೆ ಮದುವೆಯಾಗಿದ್ದವನು. ಅವನ ತಾತ ಬೇಟೆಯಲ್ಲಿಯೇ ಸತ್ತಿದ್ದನು. ತಂದೆಯೂ ಬೇಟೆಯಲ್ಲಿಯೇ ಸತ್ತಿದ್ದನು. ತನಗೂ ಅದೇ ಗತಿಯೆಂದು ತಿಳಿದೇ ಇದ್ದ ಆ ತರುಣ, ಬೆನ್ನಿಗೆ ತೂಗುಹಾಕಿದ ಚೀಲವನ್ನು ತನ್ನ ಹೆಣದ ಬಟ್ಟೆಯೆಂದು ಕರೆಯುತ್ತಿದ್ದನು. ಸಂಪತ್ತು ಕೊಟ್ಟರೂ ಬೇಟೆ ಬಿಡುವುದಿಲ್ಲವೆಂಬುದು ಅವನ ಹಟ. ಎರಡು ವರ್ಷಗಳ ತರುವಾಯ ಕಮರಿಯ ಅಂಚಿನಲ್ಲಿ ಕಾಲು ಜಾರಿ ಅವನು ಮಡಿದನೆಂಬ ಸುದ್ದಿ ಸೊಸ್ಯೂರನಿಗೆ ತಲುಪಿತು. ಈ ಪ್ರಸಂಗವನ್ನು ಬರೆಯುವಾಗ ಸೊಸ್ಯೂರನು ತನ್ನ ಹಟವನ್ನೂ ನೆನೆದಿರಬೇಕು. ಏಕೆಂದರೆ ಅವನ ಮನೆಯಲ್ಲಿಯೂ ಒಬ್ಬ ಹೆಣ್ಣುಮಗಳು ಇದೇ ಭಯದಲ್ಲಿ ದಿನ ಎಣಿಸುತ್ತಿದ್ದಳು.

1765ರಲ್ಲಿ ಆತನು ಅಮೇಲಿ ಬ್ವಾಸಿಯೆ ಎಂಬಾಕೆಯನ್ನು ಮದುವೆಯಾಗಿದ್ದನು. ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಪ್ರೀತಿ ತುಂಬಿದ ಸಂಸಾರ. ಸೊಸ್ಯೂರನ ಆರೋಗ್ಯವೂ ಅಷ್ಟು ಗಟ್ಟಿಯಾದುದಲ್ಲ. ಪ್ರತಿ ಬೇಸಗೆಯಲ್ಲಿಯೂ ಗಂಡ ಬೆಟ್ಟಕ್ಕೆ ಹೊರಟುನಿಂತಾಗ ಅಮೇಲಿಯ ಎದೆ ಕುಸಿಯುತ್ತಿತ್ತು. ಪ್ರಯಾಣದ ಉದ್ದಕ್ಕೂ ಆತನು ಆಕೆಗೆ ಓಲೆ ಬರೆದು ಸಮಾಧಾನಪಡಿಸುತ್ತಿದ್ದನು. ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ.

1785ರ ಸೆಪ್ಟೆಂಬರಿನಲ್ಲಿ ಆತನು ತಾನೇ ಮಾಂಟ್ ಬ್ಲಾಂಕನ್ನು ಏರಲು ಯತ್ನಿಸಿ, ಹೊಸದಾಗಿ ಬಿದ್ದ ಮೆತ್ತನೆಯ ಹಿಮದಿಂದಾಗಿ ಅರ್ಧದಲ್ಲಿಯೇ ಹಿಂದಿರುಗಿದನು. ಮರುವರ್ಷ, 1786ರ ಆಗಸ್ಟ್ 8ರ ಸಂಜೆ, ಶಾಮೊನಿಯ ಇಬ್ಬರು ಆ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದರು. ಒಬ್ಬನು ಸ್ಫಟಿಕಗಳನ್ನು ಹುಡುಕಿ ಮಾರುತ್ತಿದ್ದ ಝಾಕ್ ಬಾಲ್ಮಾ. ಇನ್ನೊಬ್ಬನು ಊರಿನ ವೈದ್ಯ ಪಕ್ಕಾರ್. ಬಾಲ್ಮಾ ಜಿನೀವಾಕ್ಕೆ ಬಂದು 26 ವರ್ಷದ ಹಿಂದೆ ಸಾರಿದ ಬಹುಮಾನವನ್ನು ಪಡೆದುಕೊಂಡನು. ಕೀರ್ತಿಯ ಹಂಚಿಕೆಯಲ್ಲಿ ಮಾತ್ರ ಅನ್ಯಾಯ ನಡೆಯಿತು. ಅಸೂಯಾಪರನಾದ ಒಬ್ಬ ಬರಹಗಾರನು ಪಕ್ಕಾರನನ್ನು ಹಗುರಮಾಡಿ ಬರೆದುದರಿಂದ ಬಹುಕಾಲದವರೆಗೆ ಜನ ಬಾಲ್ಮಾನೊಬ್ಬನನ್ನೇ ಕೊಂಡಾಡಿದರು. ಅಂದು ಕೆಳಗಿನಿಂದ ದೂರದರ್ಶಕದಲ್ಲಿ ನೋಡಿದವರು ಬರೆದಿಟ್ಟಿದ್ದ ಟಿಪ್ಪಣಿಗಳು ಮುಂದೆ ಬೆಳಕಿಗೆ ಬಂದು ವೈದ್ಯನ ಪಾಲು ಅವನಿಗೆ ಸಂದಿತು. ಶಾಮೊನಿಯಲ್ಲಿ ಸೊಸ್ಯೂರ್ ಮತ್ತು ಬಾಲ್ಮಾರ ಪ್ರತಿಮೆ 1887ರಲ್ಲಿ ನಿಂತರೆ, ಪಕ್ಕಾರನ ಪ್ರತಿಮೆ ನಿಲ್ಲಲು 1986 ಬರಬೇಕಾಯಿತು.

ಶಿಖರಕ್ಕೆ ದಾರಿ ಇದೆಯೆಂದು ತಿಳಿದಮೇಲೆ ಸೊಸ್ಯೂರನು ಸುಮ್ಮನಿರಲಿಲ್ಲ. 1787ರ ಜುಲೈ ತಿಂಗಳಲ್ಲಿ ಹೆಂಡತಿ, ಆಕೆಯ ಸೋದರಿಯರು ಮತ್ತು ಗಂಡುಮಕ್ಕಳೊಡನೆ ಶಾಮೊನಿಗೆ ಬಂದು ಬಿಡಾರ ಹೂಡಿದನು. ಮಳೆ ನಿಲ್ಲಲೊಲ್ಲದು. ವಾರಗಟ್ಟಲೆ ಕಾದಮೇಲೆ ಆಗಸ್ಟ್ 1ರಂದು ಆಕಾಶ ತಿಳಿಯಾಯಿತು. 18 ಮಂದಿ ದಾರಿಗಾರರು, ಒಬ್ಬ ಸೇವಕ. ಇವರೊಡನೆ ಆತನು ಹೊರಟನು. ಮೊದಲ ರಾತ್ರಿ ಬಂಡೆಗಳ ಮೇಲೆ ಕಳೆಯಿತು. ಎರಡನೆಯ ರಾತ್ರಿ ಹಿಮದ ಮೇಲೆ. ಹಿಮದ ಮೇಲೆ ಮಲಗಿದವರು ಬೆಳಗ್ಗೆ ಏಳುವುದಿಲ್ಲವೆಂಬ ಹೆದರಿಕೆ ಆ ದಾರಿಗಾರರಲ್ಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಿಮವನ್ನು ತೋಡಿ, ಮೇಲೆ ಗುಡಾರ ಹೊದಿಸಿ, ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದರು. ಒಳಗೆ ಉಸಿರು ಕಟ್ಟಿದಂತಾಗಿ ಸೊಸ್ಯೂರನು ನಡುರಾತ್ರಿ ಹೊರಗೆ ಬಂದನು. ಕರ್ರಗಿನ ಆಕಾಶದಲ್ಲಿ ಚಂದ್ರ ಬೆಳಗುತ್ತಿದ್ದನು. ಸುತ್ತ ಎಲ್ಲೆಲ್ಲಿಯೂ ಹಿಮ.

ಆಗಸ್ಟ್ 3ರ ಬೆಳಗ್ಗೆ 11 ಗಂಟೆಗೆ ಅವರು ನೆತ್ತಿಯನ್ನು ಮುಟ್ಟಿದರು. ಸೊಸ್ಯೂರನ ಕಣ್ಣು ಮೊದಲು ಹೋದದ್ದು ಕೆಳಗೆ ಶಾಮೊನಿಯ ಕಡೆಗೆ. ಅಲ್ಲಿ ಅಮೇಲಿ ದೂರದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದಳು. ಗಂಡ ಕ್ಷೇಮವಾಗಿ ಮೇಲೆ ತಲುಪಿದುದನ್ನು ಕಂಡೊಡನೆ ಒಂದು ಬಾವುಟವನ್ನು ಏರಿಸುವುದೆಂದು ಮೊದಲೇ ಮಾತಾಗಿತ್ತು. ಆ ಬಾವುಟ ಏರಿದುದನ್ನು ಕಂಡು ಆತನ ಮನಸ್ಸು ಹಗುರವಾಯಿತು.

ಇಪ್ಪತ್ತೇಳು ವರ್ಷ ಕಾದು ಪಡೆದ ಗೆಲುವು ಅದು. ಆದರೂ ಆ ಕ್ಷಣದಲ್ಲಿ ತನಗೆ ಸಂತೋಷಕ್ಕಿಂತ ಒಂದು ಬಗೆಯ ಸಿಟ್ಟೇ ಹೆಚ್ಚಾಗಿತ್ತೆಂದೂ, ಆ ಸಿಟ್ಟಿನಿಂದಲೇ ಶಿಖರದ ಹಿಮವನ್ನು ತುಳಿದೆನೆಂದೂ ಆತನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಗೆದ್ದವರು ಸಾಮಾನ್ಯವಾಗಿ ಹೀಗೆ ಬರೆಯುವುದಿಲ್ಲ. ತೆಳುಗಾಳಿಯಲ್ಲಿ ಮೈ ಸೋತಿತ್ತು, ಊಟ ಸೇರಲಿಲ್ಲ, ಉಪಕರಣವನ್ನು ಸರಿಪಡಿಸಲು ಬಗ್ಗಿದರೆ ಮೇಲುಸಿರು ಬರುತ್ತಿತ್ತು. ಕೆಳಗೆ ನಿಮಿಷಕ್ಕೆ 72 ಇದ್ದ ಆತನ ನಾಡಿ ಅಲ್ಲಿ 100ಕ್ಕೆ ಏರಿತ್ತು. ನೀರು ಕಾಯಿಸಲು ಅರ್ಧ ಗಂಟೆ ಹಿಡಿಯಿತು. ಅದೂ ಸುಮಾರು 86 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯಿತು. ವಾಯುಭಾರದ ಲೆಕ್ಕದಿಂದ ಶಿಖರದ ಎತ್ತರವನ್ನು ಆತನು ಗುಣಿಸಿದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಅದು ಸುಮಾರು 4,775 ಮೀಟರ್. ನಿಜವಾದ ಎತ್ತರಕ್ಕಿಂತ ಮೂವತ್ತೈದು ಮೀಟರಿನಷ್ಟು ಕಡಿಮೆ, ಅಷ್ಟೆ. ಸುತ್ತಣ ಪರ್ವತಗಳ ಜೋಡಣೆಯೆಲ್ಲ ನಕ್ಷೆಯಂತೆ ಕಾಲಕೆಳಗೆ ಹರಡಿಕೊಂಡಿದ್ದುದರಿಂದ ಬಹುಕಾಲದ ಕೆಲವು ಸಂದೇಹಗಳು ಒಂದೇ ನೋಟದಲ್ಲಿ ತೀರಿದುವು. ಆದರೆ ಸಮುದ್ರತೀರದಲ್ಲಿ ಮೂರು ಗಂಟೆಯೊಳಗೆ ಮುಗಿಸುತ್ತಿದ್ದ ಪ್ರಯೋಗಗಳು ಇಲ್ಲಿ ನಾಲ್ಕೂವರೆ ಗಂಟೆಯಾದರೂ ಮುಗಿಯಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಇಳಿಯಬೇಕಾಯಿತು.

ಈ ಆರೋಹಣದಿಂದ ಸೊಸ್ಯೂರನ ಹೆಸರು ಯೂರೋಪಿನಲ್ಲೆಲ್ಲ ಹಬ್ಬಿತು. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ದೊಡ್ಡ ಸಾಹಸವನ್ನು ಆತನು ಮರುವರ್ಷ ಮಾಡಿದನು. ಶಿಖರದ ಮೇಲೆ ಕೆಲವು ಗಂಟೆ ನಿಂತರೆ ಆ ಕೆಲವು ಗಂಟೆಗಳ ಗಾಳಿ ಮಾತ್ರ ತಿಳಿಯುತ್ತದೆ. ಎತ್ತರದ ಗಾಳಿ ಹಗಲಿರುಳು ಹೇಗೆ ಬದಲಾಗುತ್ತದೆಂದು ಅರಿಯಬೇಕಾದರೆ ಅಲ್ಲಿ ದಿನಗಟ್ಟಲೆ ವಾಸಮಾಡಬೇಕು. ಅದಕ್ಕೆ ತಕ್ಕ ಸ್ಥಳ ಶಿಖರವಲ್ಲ, ಘಾಟಿ. ಶಾಮೊನಿಗೂ ಇಟಲಿಯ ಕೂರ್ಮಾಯೋರ್ ಎಂಬ ಊರಿಗೂ ನಡುವೆ, ಹಿಮನದಿಗಳ ತಲೆಯ ಮೇಲೆ, 3,350 ಮೀಟರಿಗೂ ಹೆಚ್ಚು ಎತ್ತರದಲ್ಲಿ ಒಂದು ಘಾಟಿ ಇದೆ. ಅದರ ಹೆಸರಿಗೆ ದೈತ್ಯನ ಘಾಟಿ ಎಂದರ್ಥ. 1788ರ ಜುಲೈ 3ರಂದು ಸೊಸ್ಯೂರನು ತನ್ನ ಇಪ್ಪತ್ತು ವರ್ಷದ ಮಗ ನಿಕೊಲಾ ಥಿಯೊಡೋರನೊಡನೆ ಆ ಘಾಟಿಯನ್ನೇರಿ ಬೀಡುಬಿಟ್ಟನು. ಕಲ್ಲು ಒಟ್ಟಿ ಕಟ್ಟಿದ ಒಂದು ಪುಟ್ಟ ಗುಡಿಸಲು, ಎರಡು ಗುಡಾರಗಳು. ಇವೇ ಅವರ ಮನೆ.

ಘಾಟಿ ಅವರನ್ನು ಬರಮಾಡಿಕೊಂಡ ರೀತಿ ಭಯಂಕರವಾಗಿತ್ತು. ಎರಡನೆಯ ದಿನದ ನಡುರಾತ್ರಿ ಕಳೆದಮೇಲೆ ನೈಋತ್ಯದ ಬಿರುಗಾಳಿ ಎದ್ದಿತು. ಒಮ್ಮೆ ಫಿರಂಗಿ ಹಾರಿಸಿದಂತೆ ಅಪ್ಪಳಿಸುವುದು; ಮರುಕ್ಷಣ ಎಲೆಯೂ ಅಲುಗದಷ್ಟು ಶಾಂತವಾಗುವುದು; ಮತ್ತೆ ಕೆಳಗಿನ ಕಣಿವೆಯಿಂದ ಮೊರೆಯುತ್ತ ಬಂದು ಬಡಿಯುವುದು. ಗಾಳಿ ಕಲ್ಲುಗಳ ಸಂದಿನಿಂದ ಒಳಗೆ ನುಗ್ಗಿ ತಂದೆ ಮಕ್ಕಳ ಹೊದಿಕೆಯನ್ನೇ ಎತ್ತಿಹಾಕಿತು. ಗುಡಿಸಲೇ ಹಾರಿಹೋಗುವುದೇನೋ ಎನ್ನಿಸಿತು. ಬೆಳಗಾಗುತ್ತಲೇ ಹಿಮ ಸುರಿಯತೊಡಗಿ, ಎಲ್ಲರೂ ಗುಡಾರಕ್ಕೆ ಓಡಬೇಕಾಯಿತು. ಅಲ್ಲಿ ಗುಡಾರದ ಗಳುಗಳನ್ನು ದಾರಿಗಾರರು ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತರು. ಆಲಿಕಲ್ಲು ಮಳೆ, ಸಿಡಿಲು. ಒಂದು ಮಿಂಚಂತೂ ಎಷ್ಟು ಹತ್ತಿರದಲ್ಲಿ ಹೊಡೆಯಿತೆಂದರೆ ತೋಯ್ದ ಗುಡಾರದ ಬಟ್ಟೆಯ ಮೇಲೆ ಅದರ ಕಿಡಿಯೊಂದು ಚಟಚಟನೆ ಜಾರಿಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಅಂದೇ ಇಳಿದುಬಿಡುತ್ತಿದ್ದರು. ಸೊಸ್ಯೂರನು ಮಳೆ ನಿಂತಮೇಲೆ ಉಪಕರಣಗಳನ್ನು ಒರೆಸಿ ಜೋಡಿಸತೊಡಗಿದನು. ಅಂದಿನಿಂದ ಮುಂಜಾನೆ 4 ಗಂಟೆಗೆ ಆರಂಭವಾಗಿ ರಾತ್ರಿಯವರೆಗೆ, ಎರಡೆರಡು ಗಂಟೆಗೊಮ್ಮೆ, ತಂದೆ ಮಗ ಹೊತ್ತು ಹಂಚಿಕೊಂಡು ವಾಯುಭಾರ, ಉಷ್ಣತೆ, ತೇವಾಂಶಗಳನ್ನು ಗುರುತುಮಾಡಿದರು. ಆಕಾಶದ ನೀಲಿಯನ್ನು ಕಾಗದದ ತುಂಡುಗಳೊಡನೆ ಹೋಲಿಸಿ ನೋಡಿದರು. ಅದೇ ದಿನಗಳಲ್ಲಿ ಶಾಮೊನಿಯಲ್ಲಿಯೂ ಜಿನೀವಾದಲ್ಲಿಯೂ ಬೇರೆಯವರು ಅವೇ ಅಳತೆಗಳನ್ನು ತೆಗೆದುಕೊಳ್ಳುತ್ತಿದ್ದರು. ಹೀಗೆ ಒಂದೇ ವೇಳೆಯಲ್ಲಿ ಮೂರು ಎತ್ತರಗಳ ಗಾಳಿಯನ್ನು ಹೋಲಿಸುವ ಈ ಕ್ರಮ ಆ ಕಾಲಕ್ಕೆ ತೀರ ಹೊಸದು. ಇಂದು ಹವಾಮಾನ ಇಲಾಖೆಗಳು ಬೆಟ್ಟ ಬಯಲುಗಳಲ್ಲೆಲ್ಲ ಮಾಡುವ ಕೆಲಸವನ್ನು ಅಂದು ಕಲ್ಲಿನ ಗುಡಿಸಲಿನಲ್ಲಿ ಇಬ್ಬರು ಕೈಬೆರಳು ಮರಗಟ್ಟಿಸಿಕೊಂಡು ಮಾಡಿದರು.

ಒಂದಲ್ಲ, ಎರಡಲ್ಲ, 17 ದಿನ ಹೀಗೆ ನಡೆಯಿತು. ದಾರಿಗಾರರಿಗೆ ಮಾತ್ರ ಬೇಸರ ಬಂದಿತ್ತು. ಹತ್ತುವುದು, ಇಳಿಯುವುದು ಅವರು ಬಲ್ಲ ಕೆಲಸ. ಕೊರೆಯುವ ಚಳಿಯಲ್ಲಿ ಸುಮ್ಮನೆ ಕುಳಿತು ಪಾದರಸ ಏರಿಳಿಯುವುದನ್ನು ಕಾಯುವುದರ ಅರ್ಥ ಅವರಿಗೆ ತಿಳಿಯದು. ಕೊನೆಯ ಸಂಜೆ ಸೂರ್ಯಾಸ್ತ ಬಲು ಸೊಗಸಾಗಿತ್ತು. ಯಜಮಾನನು ಮನಸ್ಸು ಬದಲಿಸಿ ಇನ್ನೂ ಉಳಿಯುವೆನೆಂದಾನೆಂದು ಅವರು ಹೆದರಿರಬೇಕು. ಬೆಳಗಾಗುವಷ್ಟರಲ್ಲಿ ಉಳಿದಿದ್ದ ಆಹಾರವೆಲ್ಲ ಖಾಲಿ! ಇಳಿಯಲೇಬೇಕಾಗಲೆಂದು ದಾರಿಗಾರರೇ ಅದನ್ನು ತಿಂದು ಮುಗಿಸಿದರೆಂದು ಸೊಸ್ಯೂರನಿಗೆ ಅನುಮಾನ. ಜುಲೈ 19ರಂದು ತಂದೆ ಮಗ ಬರಿಯ ಹೊಟ್ಟೆಯಲ್ಲಿ ಕೂರ್ಮಾಯೋರ್ ಕಡೆಗೆ ಇಳಿದರು. ಬೆನ್ನಮೇಲಿನ ಟಿಪ್ಪಣಿ ಪುಸ್ತಕಗಳು ಮಾತ್ರ ತುಂಬಿದ್ದುವು.

ಅನಂತರವೂ ಆತನ ಕಾಲುಗಳು ನಿಲ್ಲಲಿಲ್ಲ. 1789ರಲ್ಲಿ ಮಾಂಟೆ ರೋಸಾ ಪರ್ವತದ ಸುತ್ತಣ ನಾಡನ್ನು ನೋಡಿ, ಸುಮಾರು 3,300 ಮೀಟರ್ ಎತ್ತರದ ಥಿಯೊಡೂಲ್ ಘಾಟಿಯನ್ನು ದಾಟಿದನು. ಅಲ್ಲಿ ಮ್ಯಾಟರ್‌ಹಾರ್ನ್ ಶಿಖರ ಒಂಟಿಯಾಗಿ, ಕೊರೆದಿಟ್ಟ ಕಂಬದಂತೆ ನಿಂತಿರುವುದನ್ನು ಕಂಡು ಬೆರಗಾದನು. 1792ರಲ್ಲಿ ಮರಳಿ ಬಂದು ಅದೇ ಘಾಟಿಯಲ್ಲಿ ಕೆಲವು ದಿನ ತಂಗಿ ಆ ಶಿಖರದ ಎತ್ತರವನ್ನು ಅಳೆದನು. ಸುಮಾರು 4,500 ಮೀಟರ್ ಎಂದು ಆತನ ಗಣನೆ. ಇಂದು ಒಪ್ಪಿರುವ ಎತ್ತರ 4,478 ಮೀಟರ್.

ಅದೇ ಆತನ ಕೊನೆಯ ದೊಡ್ಡ ಯಾತ್ರೆ. ಫ್ರಾನ್ಸಿನಲ್ಲಿ ಹೊತ್ತಿದ ಕ್ರಾಂತಿಯ ಕಿಡಿ ಜಿನೀವಾಕ್ಕೂ ಹಬ್ಬಿತು. ಫ್ರಾನ್ಸಿನಲ್ಲಿ ತೊಡಗಿಸಿದ್ದ ಹಣ ಮುಳುಗಿ ಸೊಸ್ಯೂರನ ಸಿರಿತನ ಕರಗಿಹೋಯಿತು. 1794ರಲ್ಲಿ ಪಾರ್ಶ್ವವಾಯು ಬಡಿಯಿತು. ಘಾಟಿಗಳನ್ನು ತುಳಿದ ಕಾಲುಗಳು ಕೋಣೆಯೊಳಗೆ ನಡೆಯಲೂ ಕಷ್ಟಪಡಬೇಕಾಯಿತು. ಆದರೂ 1779ರಲ್ಲಿ ಮೊದಲ ಸಂಪುಟ ಹೊರಬಂದಿದ್ದ ಆಲ್ಪ್ಸ್ ಯಾತ್ರೆಗಳ ಮಹಾಗ್ರಂಥವನ್ನು ಆತನು ಕೈಬಿಡಲಿಲ್ಲ. 1796ರಲ್ಲಿ ನಾಲ್ಕನೆಯ ಹಾಗೂ ಕಡೆಯ ಸಂಪುಟ ಪ್ರಕಟವಾಯಿತು. ಇಷ್ಟು ವರ್ಷ ಬಂಡೆಗಳನ್ನು ನೋಡಿದವನು ಭೂಮಿಯ ಹುಟ್ಟಿನ ಬಗೆಗೆ ಒಂದು ಸಿದ್ಧಾಂತವನ್ನು ಮಂಡಿಸುವನೆಂದು ಓದುಗರು ಕಾದಿದ್ದರು. ಆತನು ಮಂಡಿಸಲಿಲ್ಲ. ತಾನು ಕಂಡದ್ದು ಅದಕ್ಕೆ ಸಾಲದೆಂದು ಆತನಿಗೆ ತೋರಿತ್ತು. ಅದರ ಬದಲು, ಮುಂದೆ ಬೆಟ್ಟಗಳನ್ನು ನೋಡಹೋಗುವವರು ಏನೇನನ್ನು ಪರೀಕ್ಷಿಸಬೇಕು, ಯಾವ ಯಾವ ಪ್ರಶ್ನೆ ಕೇಳಬೇಕು ಎಂಬ ದೀರ್ಘವಾದ ಪಟ್ಟಿಯೊಂದನ್ನು ಸಂಪುಟದ ಕೊನೆಗೆ ಸೇರಿಸಿದನು. 1799ರ ಜನವರಿ 22ರಂದು, 58ನೆಯ ವಯಸ್ಸಿನಲ್ಲಿ, ಜಿನೀವಾದಲ್ಲಿ ಆತನು ಕಾಲವಾದನು.

ಘಾಟಿಯಲ್ಲಿ ತಂದೆಯೊಡನೆ ಬೆರಳು ಮರಗಟ್ಟಿಸಿಕೊಂಡ ಮಗ ಥಿಯೊಡೋರ್ ಮುಂದೆ ತಾನೂ ಹೆಸರಾಂತ ವಿಜ್ಞಾನಿಯಾದನು. ಸಸ್ಯಗಳು ಗಾಳಿಯಿಂದಲೂ ನೀರಿನಿಂದಲೂ ತಮ್ಮ ಒಡಲನ್ನು ಹೇಗೆ ಬೆಳೆಸಿಕೊಳ್ಳುತ್ತವೆಂದು 1804ರಲ್ಲಿ ಅಳತೆ ತೂಕಗಳ ಮೂಲಕ ತೋರಿಸಿಕೊಟ್ಟವನು ಅವನೇ. ಮಗಳು ಅಲ್ಬರ್ಟೀನ್ ಶಿಕ್ಷಣವನ್ನು ಕುರಿತ ಗ್ರಂಥಕರ್ತಿಯೆಂದು ಪ್ರಸಿದ್ಧಳಾದಳು. ಜಿನೀವಾದಲ್ಲಿ ಸಂಸ್ಕೃತವನ್ನು ಬೋಧಿಸಿ, ಆಧುನಿಕ ಭಾಷಾವಿಜ್ಞಾನಕ್ಕೆ ತಳಹದಿ ಹಾಕಿದ ಫರ್ಡಿನೆಂಡ್ ದ ಸೊಸ್ಯೂರ್ ಈತನ ಮರಿಮಗ. 1970ರ ದಶಕದ ಕೊನೆಯಲ್ಲಿ ಸ್ವಿಟ್ಸರ್ಲೆಂಡ್ ಹೊರಡಿಸಿದ 20 ಫ್ರಾಂಕಿನ ನೋಟಿನ ಮೇಲೆ ಬೆಟ್ಟದ ಯಾತ್ರಿಕನಾದ ಸೊಸ್ಯೂರನ ಚಿತ್ರವಿದ್ದಿತು.

ಇಂದು ಮಾಂಟ್ ಬ್ಲಾಂಕಿನ ಒಡಲನ್ನೇ ಕೊರೆದು ಮಾಡಿದ ಸುರಂಗದಲ್ಲಿ ಮೋಟಾರುಗಳು ಓಡುತ್ತವೆ. 1965ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಆದರೆ ಸುರಂಗವಿದ್ದರೂ ಘಾಟಿಯನ್ನೇ ಹತ್ತಬೇಕೆಂಬವರು ಕಡಿಮೆಯಾಗಿಲ್ಲ. ಸೊಸ್ಯೂರನು ಮೂರು ಸಲ ಮಾಡಿದ ಪ್ರದಕ್ಷಿಣೆಯ ಹಾದಿ ಈಗ ಸುಮಾರು 170 ಕಿಲೋಮೀಟರಿನ ಹೆಸರುವಾಸಿ ಕಾಲುದಾರಿ. ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ ತಿರುವುಗಳಲ್ಲಿ ಬೇಸಗೆಯ ದಿನ ಸೈಕಲ್ ತುಳಿಯುವವರು ಬೆವರಿಳಿಸುತ್ತ ಏರುತ್ತಾರೆ. ಮೇಲೆ ತಲುಪಿದವರು ಸೈಕಲನ್ನು ಒರಗಿಸಿ, ಆಚೆಗೆ ಇಳಿಯುವ ಮುನ್ನ ಒಂದಿಷ್ಟು ಹೊತ್ತು ಸುತ್ತ ನೋಡುತ್ತಾರೆ.

ಸೊಸ್ಯೂರನ ಹೆಸರು ನಮ್ಮ ದೇಶಕ್ಕೂ ಬಂದಿದೆ. 1810ರಲ್ಲಿ ಜಿನೀವಾದ ಸಸ್ಯಶಾಸ್ತ್ರಜ್ಞ ಕಾಂಡೋಲನು ಬೆಟ್ಟಸೀಮೆಯ ಒಂದು ಸಸ್ಯಕುಲಕ್ಕೆ ಸೊಸ್ಯೂರ್ ತಂದೆ ಮಕ್ಕಳ ನೆನಪಿಗಾಗಿ ಸಸ್ಸೂರಿಯ ಎಂದು ಹೆಸರಿಟ್ಟನು. ಹಿಮಾಲಯದ ಬ್ರಹ್ಮಕಮಲ ಈ ಕುಲಕ್ಕೆ ಸೇರಿದ್ದು. ನಮ್ಮ ಮನೆಯಂಗಳದ ಕುಂಡಗಳಲ್ಲಿ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ಬ್ರಹ್ಮಕಮಲವೆಂದೇ ನಾವು ಕರೆಯುವ ಹೂವು ಬೇರೆ. ಅದು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ನಿಜವಾದ ಬ್ರಹ್ಮಕಮಲ ಉತ್ತರಾಖಂಡ ರಾಜ್ಯದ ಪುಷ್ಪ. ತೆಳುವಾದ ನಸುಬಿಳಿ ಎಲೆಗಳ ಹೊದಿಕೆಯೊಳಗೆ ಚಳಿಗೆ ಮುದುಡಿ ಕುಳಿತಂತೆ ತೋರುವ ಅದು, ಹಿಮಾಲಯದ ಎತ್ತರದ ಘಾಟಿಗಳ ಬಳಿ, ಕಲ್ಲುಸಂದುಗಳಲ್ಲಿ, ಮಳೆಗಾಲದಲ್ಲಿ ಅರಳುತ್ತದೆ. ಅಲ್ಲಿನ ಎತ್ತರ ತಂದೆ ಮಗ ಹದಿನೇಳು ದಿನ ಕಳೆದ ದೈತ್ಯನ ಘಾಟಿಯಷ್ಟೇ. ಕೆಲವೆಡೆ ಅದಕ್ಕಿಂತಲೂ ಹೆಚ್ಚು.